ರೆಕಾರ್ಡ್ ಶಾಟು ಮತ್ತು ಕಡಲಕೆರೆಯ ಕೋಣಗಳು

ನಮ್ಮ ಶಿವಮೊಗ್ಗದ ಫೋಟೋ ಕ್ಲಬ್ಬು ಅಂದ್ರೆ ಅಂಥಾ ದೊಡ್ಡದೇನಲ್ಲ, ಒಂದು ಸ್ಟುಡಿಯೋದ ಮಹಡಿ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ತಿಂಗಳಿಗೊಂದ್ಸಲ ಸೇರೋ ಜನ ಅಷ್ಟೇ. ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರ್ ಆದವರೊಬ್ರಿದಾರೆ, ಅವರೇ ನಮಗೆಲ್ಲ ಗುರು. ಕೆಳಗಡೆ ಮದುವೆ ಆಲ್ಬಮ್ ಮಾಡೋ ಸ್ಟುಡಿಯೋ ಅಣ್ಣ, ಕಾಲೇಜಲ್ಲಿ ಬಾಟನಿ ಪಾಠ ಮಾಡೋ ಮೇಡಂ, ಇಬ್ಬರು ಮೂವರು ಬ್ಯಾಂಕಿನವರು, ಅಪ್ಪನ ಹತ್ರ ಕಾಡಿ ಬೇಡಿ ಕ್ಯಾಮೆರಾ ತಗೊಂಡ ಒಬ್ಬ ಇಂಜಿನಿಯರಿಂಗ್ ಹುಡುಗ, ಮಧ್ಯದಲ್ಲಿ ನಾನು. ಎಲ್ಲರೂ ತೆಗೆದ ಫೋಟೋ ಪೆನ್ ಡ್ರೈವಲ್ಲಿ ತರ್ತಾರೆ, ಗೋಡೆ ಮೇಲೆ ಪ್ರೊಜೆಕ್ಟರ್ ಬಿಡ್ತೀವಿ, ಮೇಷ್ಟ್ರು ಒಂದೊಂದನ್ನೇ ನೋಡಿ ಹೇಳ್ತಾರೆ. ಅವರ ಬಾಯಲ್ಲಿ ಬರೋ ಅತಿ ಕೆಟ್ಟ ಬೈಗುಳ ಅಂದ್ರೆ "ರೆಕಾರ್ಡ್ ಶಾಟ್". ಅಂದ್ರೆ ಇಂಥದ್ದು ಇಂಥಾ ಕಡೆ ಇತ್ತು ಅನ್ನೋಕೆ ಸಾಕ್ಷಿ ಇದೆ, ಅದರಾಚೆ ಫೋಟೋದಲ್ಲಿ ಏನೂ ಇಲ್ಲ ಅಂತ. ಆ ಮಾತು ಕೇಳಿ ಮುಖ ಸಣ್ಣ ಮಾಡ್ಕೊಂಡು ಮೆಟ್ಟಿಲಿಳಿದು ಹೋಗದವರು ನಮ್ಮಲ್ಲಿ ಯಾರೂ ಇಲ್ಲ.

ಟ್ರಿಪ್ ಅಂದ್ರೆ ಸಾಮಾನ್ಯವಾಗಿ ಹತ್ತಿರದ್ದೇ. ಸಕ್ರೆಬೈಲಲ್ಲಿ ಆನೆ ಸ್ನಾನ, ಮಳೆಗಾಲದಲ್ಲಿ ಮಂಡಗದ್ದೆಯ ಹಕ್ಕಿಗಳು, ನೀರಿದ್ರೆ ಜೋಗ. ಸಕ್ರೆಬೈಲಿನ ಆನೆಗಳಿಗೆ ನಮ್ಮ ಮುಖ ಪರಿಚಯ ಆಗಿಹೋಗಿದೆ ಅಂತ ಸ್ಟುಡಿಯೋ ಅಣ್ಣ ಯಾವಾಗಲೂ ಹೇಳ್ತಿರ್ತಾರೆ. ಅದಕ್ಕೇ ಈ ಸಲ ಘಟ್ಟ ಇಳಿಯೋಣ, ಕಂಬಳಕ್ಕೆ ಹೋಗೋಣ ಅಂತ ಆಯ್ತು, ಮೂಡುಬಿದಿರೆಯ ಕಡಲಕೆರೆಯಲ್ಲಿ ನಡೆಯೋ ಕೋಟಿ-ಚೆನ್ನಯ ಜೋಡುಕರೆ ಕಂಬಳ. ಹುಡುಗನಿಗಂತೂ ನಿದ್ದೆ ಇಲ್ಲ, ಯಾಕಂದ್ರೆ ಸಲೋನ್‌ಗಳಲ್ಲಿ, ಅಂದ್ರೆ ಫೋಟೋ ಸ್ಪರ್ಧೆಗಳಲ್ಲಿ, ಕಂಬಳದ ಫೋಟೋಗೆ ಮೆಡಲ್ ಬಿದ್ದಿದ್ದನ್ನ ನೋಡಿ ನೋಡಿ ಅವನ ತಲೇಲಿ ಒಂದು ಫ್ರೇಮ್ ಆಗಲೇ ಫಿಕ್ಸ್ ಆಗಿಬಿಟ್ಟಿತ್ತು. ಕೆಸರು ನೀರು ಎರಡೂ ಕಡೆ ರೆಕ್ಕೆ ಥರ ಚಿಮ್ಮಿರಬೇಕು, ಮಧ್ಯದಲ್ಲಿ ಓಡಿಸೋನ ಮುಖ, ಹಲ್ಲು ಕಚ್ಚಿರಬೇಕು, ಕೈ ಮೇಲೆದ್ದಿರಬೇಕು. ನೀವೂ ನೋಡಿರ್ತೀರಿ ಬಿಡಿ, ಕ್ಯಾಲೆಂಡರಲ್ಲಿ, ಪ್ರವಾಸೋದ್ಯಮದ ಜಾಹೀರಾತಲ್ಲಿ, ಎಲ್ಲಾ ಕಡೆ ಅದೇ.

ಟೆಂಪೋ ಟ್ರಾವೆಲರ್ ಮಾಡ್ಕೊಂಡು ಬೆಳಗಿನ ಜಾವ ಹೊರಟ್ವಿ. ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯುವಾಗ ಮಂಜು ಎಷ್ಟಿತ್ತು ಅಂದ್ರೆ ಬ್ಯಾಂಕಿನವರೊಬ್ರು ಇಲ್ಲೇ ಇಳಿಸಿ, ಕಂಬಳ ಬೇಡ, ಇದೇ ಸಾಕು ಅಂದ್ರು. ಮೇಷ್ಟ್ರು ಒಪ್ಪಲಿಲ್ಲ. ಹೆಬ್ರಿಯಲ್ಲಿ ಬನ್ಸು, ಟೀ. ಕಾರ್ಕಳದಲ್ಲಿ 42 ಅಡಿ ಗೊಮ್ಮಟನಿಗೆ ಕಿಟಕಿಯಿಂದಲೇ ಕೈ ಮುಗಿದು ಮುಂದೆ ಹೋದ್ವಿ.

ಕಡಲಕೆರೆಗೆ ಬರೋಷ್ಟರಲ್ಲಿ ಮೈಕು, ವಾದ್ಯ, ಜನ ಎಲ್ಲಾ ಜೋರಾಗಿತ್ತು. ಕಂಬಳ ನೋಡದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಉದ್ದಕ್ಕೆ ಕೆಸರುನೀರು ತುಂಬಿದ ಎರಡು ಓಟದ ದಾರಿ, ಅದನ್ನ ಅಲ್ಲಿ ಕರೆ ಅಂತಾರೆ, ಎರಡು ಅಕ್ಕಪಕ್ಕ ಇರೋದ್ರಿಂದ ಜೋಡುಕರೆ. ಕೋಣ ಬಿಡೋ ಜಾಗ ಗಂತು, ಓಡಿ ಬಂದು ಹತ್ತೋ ಕಡೆ ಮಂಜೊಟ್ಟಿ. ಎಲ್ಲಾ ಓಟನೂ ಒಂದೇ ಅಲ್ಲ. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಅಂತ ವಿಭಾಗ, ಹಗ್ಗ ಮತ್ತು ನೇಗಿಲಲ್ಲಿ ಮತ್ತೆ ಹಿರಿಯ ಕಿರಿಯ. ಕನೆ ಹಲಗೆಯಲ್ಲಿ ಸ್ಪೀಡಿಗೆ ಮಾರ್ಕೇ ಇಲ್ಲ. ಓಡಿಸೋನು ನಿಂತಿರೋ ಮರದ ಹಲಗೆಯಲ್ಲಿ ತೂತು ಇರ್ತವೆ, ಕೋಣ ಎಳೆದ ರಭಸಕ್ಕೆ ಅದರೊಳಗಿಂದ ನೀರು ಕಾರಂಜಿ ಥರ ಮೇಲಕ್ಕೆ ಚಿಮ್ಮುತ್ತೆ, ಅದು ಮೇಲೆ ಅಡ್ಡ ಕಟ್ಟಿದ ಬಟ್ಟೆಗೆ, ಅಂದ್ರೆ ನಿಶಾನಿಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಅಂತ ಅದರ ಎತ್ತರ, ಕೋಲು ಅನ್ನೋದು ಅಲ್ಲಿನ ಅಳತೆ.

ಇದು ಗೊತ್ತಿಲ್ದೆ ಕ್ಯಾಮೆರಾ ಹಿಡಿದ್ರೆ ಏನಾಗುತ್ತೆ ಅಂದ್ರೆ, ನಮ್ಮ ಪಕ್ಕದಲ್ಲೇ ದೊಡ್ಡ ದೊಡ್ಡ ಲೆನ್ಸ್ ಇಟ್ಕೊಂಡ ಒಂದು ಗುಂಪಿತ್ತು, ಎಲ್ಲರೂ ಕ್ಯಾಮೆರಾ ಅಡ್ಡಡ್ಡ ಹಿಡ್ಕೊಂಡು ಕನೆ ಹಲಗೆಗೆ ಟರ್ ಅಂತ ಬರ್ಸ್ಟ್, ಅಂದ್ರೆ ಒಂದರ ಹಿಂದೊಂದು ಫೋಟೋ, ಹೊಡೆದ್ರು, ಕೋಣ ಬಂತು, ನೀರು ಬಂತು, ನಿಶಾನಿ ಮಾತ್ರ ಫ್ರೇಮಲ್ಲೇ ಇಲ್ಲ. ಜನ ಶಿಳ್ಳೆ ಹಾಕಿ ಕುಣಿದಿದ್ದು ಮೇಲೆ ಆ ಬಟ್ಟೆ ಒದ್ದೆ ಆಯ್ತು ಅಂತ, ಅದೇ ಫೋಟೋದಲ್ಲಿ ಇಲ್ಲ ಅಂದ್ರೆ ಏನು ಬಂತು? ನಮ್ಮ ಬಾಟನಿ ಮೇಡಂ ಒಬ್ಬರೇ ಮೊದಲು ಒಂದಷ್ಟು ಹೊತ್ತು ಕ್ಯಾಮೆರಾ ಬ್ಯಾಗಲ್ಲೇ ಇಟ್ಟು ಸುಮ್ನೆ ನಿಂತು ನೋಡಿದ್ರು, ಅಲ್ಲಿದ್ದ ಹೆಂಗಸರ ಹತ್ರ ಕೇಳ್ಕೊಂಡ್ರು, ಆಮೇಲೆ ಕ್ಯಾಮೆರಾ ಉದ್ದಕ್ಕೆ ತಿರುಗಿಸಿ, ದೂರ ಹೋಗಿ, ಕೆಳಗೆ ಕೋಣ ಮೇಲೆ ನಿಶಾನಿ ಎರಡೂ ಬರೋ ಹಾಗೆ ತೆಗೆದ್ರು.

ಸೆಟ್ಟಿಂಗ್ ಕೇಳೋರಿಗೆ ಹೇಳ್ತೀನಿ, ಬಿಸಿಲಲ್ಲಿ ನೀರಿನ ಹನಿ ಹನಿ ನಿಲ್ಲಬೇಕು ಅಂದ್ರೆ ಶಟರ್ ಸ್ಪೀಡು 1/2000 ಸೆಕೆಂಡ್ ಬೇಕೇ ಬೇಕು. ದೊಡ್ಡ ತಲೆನೋವು ಅಂದ್ರೆ ಕೋಣದ ಕಪ್ಪು. ಫ್ರೇಮ್ ತುಂಬ ಕರಿ ಕೋಣ ಬಂದ್ರೆ ಕ್ಯಾಮೆರಾ ಪಾಪ ಕತ್ತಲೆ ಅಂದ್ಕೊಂಡು ಬೆಳಕು ಜಾಸ್ತಿ ಮಾಡುತ್ತೆ, ನೀರು ಪೂರ್ತಿ ಬೆಳ್ಳಗೆ ಸುಟ್ಟು ಹೋಗುತ್ತೆ, ಅದಕ್ಕೆ ಎಕ್ಸ್‌ಪೋಶರ್ ಮೈನಸ್ಸಿಗೆ ಇಳಿಸಿ ಇಟ್ಕೊಳ್ಳೋದು ಒಳ್ಳೇದು. ಇನ್ನೊಂದು, ಲೆನ್ಸ್ ಮೇಲೆ ಕೆಸರು ಹಾರಿದ ಕೂಡಲೇ ಶರ್ಟಿನ ತುದಿಯಿಂದ ಒರೆಸಬೇಡಿ, ಅದರಲ್ಲಿ ಮರಳಿರುತ್ತೆ, ಬ್ಲೋಯರಲ್ಲಿ ಊದಿ ಆಮೇಲೆ ಬಟ್ಟೆ. ಮತ್ತೆ ಮಂಜೊಟ್ಟಿಯ ಎದುರಿಗೆ ಹೋಗಿ ಕೂತು ಹೀರೋ ಆಗೋದು ಬೇಡವೇ ಬೇಡ. ಕೋಣಕ್ಕೆ ನಿಮ್ಮ ಪ್ರೆಸ್ ಕಾರ್ಡ್ ಓದೋಕೆ ಬರಲ್ಲ.

ಮಧ್ಯಾಹ್ನ ಬಿಸಿಲು ನೆತ್ತಿಗೇರಿದಾಗ ಚರುಮುರಿ ತಿಂದು ಕೋಣಗಳನ್ನ ಕಟ್ಟಿದ್ದ ಕಡೆ ಹೋದ್ವಿ. ನನ್ನ ಪ್ರಕಾರ ಕಂಬಳದ ಅರ್ಧ ಅಲ್ಲೇ ಇರೋದು. ಶಾಮಿಯಾನದ ನೆರಳು, ಒಂದೊಂದು ಜೋಡಿಗೆ ಆಳುಕಾಳು ಬೇರೆ, ಓಡಿ ಬಂದ ಕೋಣಗಳಿಗೆ ನೀರು ಹುಯ್ದು ಕೆಸರು ತೊಳೀತಿದ್ರು, ಒಬ್ಬ ಹುಡುಗ ಕೋಣದ ಕಾಲಿಗೆ ಎಣ್ಣೆ ಹಚ್ಚಿ ಮೇಲಿಂದ ಕೆಳಗೆ ಎಷ್ಟು ನಿಧಾನಕ್ಕೆ ತಿಕ್ತಿದ್ದ ಅಂದ್ರೆ ಕೋಣ ಕಣ್ಣು ಅರ್ಧ ಮುಚ್ಕೊಂಡು ಕಿವಿ ಜೋತು ಹಾಕ್ಕೊಂಡು ನಿಂತಿತ್ತು. ಬಕೆಟ್ಟಲ್ಲಿ ಬೇಯಿಸಿದ ಹುರುಳಿ. ಪಕ್ಕದಲ್ಲಿ ಬಿಳಿ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತಿದ್ದವರು ಆ ಕೋಣಗಳ ಯಜಮಾನ್ರು. ನಾವು ಫೋಟೋ ತೆಗೆಯೋದನ್ನ ಸ್ವಲ್ಪ ಹೊತ್ತು ನೋಡಿ ಕೇಳಿದ್ರು,

"ಎಲ್ಲಿಂದ ಬಂದದ್ದು ನೀವು?"

"ಶಿವಮೊಗ್ಗ ಯಜಮಾನ್ರೆ."

"ಹೌದಾ. ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನೀವು ಫೋಟೋದವರು ಬರೀ ಓಡಿಸುವವನನ್ನೇ ತೆಗೆಯುದು ಎಂತಕ್ಕೆ? ಎಲ್ಲಾ ಫೋಟೋದಲ್ಲಿಯೂ ಅವನ ಮುಖ ಉಂಟು, ಕೋಣದ್ದು ಅರ್ಧ ತಲೆ ಉಂಟು, ಒಂದರದ್ದು ಕಾಲೇ ಇಲ್ಲ. ಓಡುದು ಯಾರು ಮಾರಾಯ್ರೆ?"

ಹುಡುಗ ಫೋನ್ ತೆಗೆದು ಅವನಿಗಿಷ್ಟವಾದ ಮೆಡಲ್ ಫೋಟೋಗಳನ್ನ ತೋರಿಸಿದ. ಯಜಮಾನ್ರು ಕನ್ನಡಕ ಹಾಕ್ಕೊಂಡು ಒಂದೊಂದನ್ನೇ ಬೆರಳಲ್ಲಿ ದೊಡ್ಡದು ಮಾಡಿ ನೋಡಿ, ಚೆಂದ ಉಂಟು, ಆದ್ರೆ ಇದು ಯಾರ ಕೋಣ ಅಂತ ಗೊತ್ತಾಗುದಿಲ್ಲ ಅಂತ ಫೋನ್ ವಾಪಸ್ ಕೊಟ್ಟುಬಿಟ್ರು. ಮಾತು ಶ್ರೀನಿವಾಸ ಗೌಡರ ಕಡೆ ತಿರುಗ್ತು. 2020ರಲ್ಲಿ ಐಕಳ ಕಂಬಳದಲ್ಲಿ 142.5 ಮೀಟರನ್ನ 13.62 ಸೆಕೆಂಡಲ್ಲಿ ಮುಗಿಸಿದ್ದಕ್ಕೆ ಉಸೇನ್ ಬೋಲ್ಟ್ ಜೊತೆ ಹೋಲಿಸಿ ದೇಶ ಪೂರ್ತಿ ಸುದ್ದಿ ಆಗಿತ್ತಲ್ಲ, ಅವರು ಇದೇ ಮೂಡುಬಿದಿರೆ ಹತ್ರದ ಅಶ್ವತ್ಥಪುರದವರು. ಆಮೇಲೆ ವೇಣೂರಲ್ಲಿ ನಿಶಾಂತ್ ಶೆಟ್ಟಿ 143 ಮೀಟರನ್ನ 13.61ರಲ್ಲಿ ಓಡಿದ್ರು. ಗೌಡರು ಆಗಲೇ ಈ ಶ್ರೇಯ ಕೋಣಗಳಿಗೆ ಸೇರಬೇಕು ಅಂದಿದ್ರು, ಪೇಪರಿನವರು ಆ ಮಾತನ್ನ ಸಣ್ಣದಾಗಿ ಹಾಕಿ ಬೋಲ್ಟ್ ಹೆಸರನ್ನ ದೊಡ್ಡದಾಗಿ ಹಾಕಿದ್ರು. ಯಜಮಾನ್ರ ಸಿಟ್ಟಿಗೆ ಕಾರಣ ಇದೆ ಅನ್ನಿಸ್ತು ನನಗೆ.

ಹಾಗಾದ್ರೆ ಹೇಗೆ ತೆಗೀಬೇಕು ನೀವೇ ಹೇಳಿ ಅಂದೆ. ಎದ್ದು ಬಂದು ತೋರಿಸಿದ್ರು. ಸೈಡಿಂದ, ಎರಡೂ ಕೋಣದ ತಲೆ ಒಂದರ ಹಿಂದೆ ಒಂದು ಅಡಗಬಾರದು, ಸ್ವಲ್ಪ ಮುಂದಿನಿಂದ ಓರೆಯಾಗಿ ಬೇಕು, ಕೊಂಬು ಪೂರ್ತಿ, ಬಾಲ ಪೂರ್ತಿ, ಸಾಧ್ಯವಾದ್ರೆ ಎಂಟು ಕಾಲೂ ಕಾಣ್ಬೇಕು, ಹಣೆಪಟ್ಟಿ ಹೊಳೀಬೇಕು. ಓಡಿಸೋನು ಹಿಂದೆ ಇರ್ಲಿ, ಅವನೂ ನಮ್ಮವನೇ. ಸ್ಟುಡಿಯೋ ಅಣ್ಣ ತಲೆ ಆಡಿಸಿದ್ರು, ಮದುವೆಯಲ್ಲಿ ಗ್ರೂಪ್ ಫೋಟೋ ತೆಗೆದು ಅಭ್ಯಾಸ ಇದೆಯಲ್ಲ. ಮೇಷ್ಟ್ರು ನನ್ನ ಕಿವಿ ಹತ್ರ ಬಂದು ಮೆಲ್ಲಗೆ ಅಂದ್ರು, "ಅಪ್ಪಟ ರೆಕಾರ್ಡ್ ಶಾಟು ಕಣಯ್ಯ ಅದು."

ಮೇಡಂ ಮಾತ್ರ ಒಂದು ಕೋಣದ ಬೆನ್ನ ಮೇಲಿದ್ದ ಬೆತ್ತದ ಬರೆ ಫೋಟೋ ತೆಗೀತಿದ್ರು. ಯಜಮಾನ್ರು ನೋಡಿದ್ರು, ಬೇಡ ಅನ್ನಲಿಲ್ಲ, ಖುಷಿಯಾಗಿಯೂ ಇರಲಿಲ್ಲ. ಜಲ್ಲಿಕಟ್ಟಿನಂಥ ಆಟ ಬೇಡ ಅಂದ ಸುಪ್ರೀಂ ಕೋರ್ಟಿನ 2014ರ ತೀರ್ಪು, ಆಮೇಲೆ ಕಂಬಳ ನಿಂತಿದ್ದು, ರಾಜ್ಯ ಸರ್ಕಾರದ ತಿದ್ದುಪಡಿ, ಕೊನೆಗೆ 2023ರ ಮೇನಲ್ಲಿ ಅದೇ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿ ಒಪ್ಪಿದ್ದು, ಇಷ್ಟೆಲ್ಲಾ ಆದ ಮೇಲೂ ಆ ಚರ್ಚೆ ಮುಗಿದಿಲ್ಲ. ಎಣ್ಣೆ ತಿಕ್ಕೋ ಕೈಯೂ ನಿಜ, ಬರೆಯೂ ನಿಜ. ಮೇಡಂ ಎರಡನ್ನೂ ತೆಗೆದ್ರು, ತೆಗೆದಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ವಾಪಸ್ ಬರುವಾಗ ಗಾಡಿಯಲ್ಲಿ ಇದರ ಮೇಲೆ ಸಣ್ಣ ಜಗಳವೂ ಆಯ್ತು, ಅದಿರಲಿ.

ರಾತ್ರಿ ಫ್ಲಡ್‌ಲೈಟ್ ಹಾಕಿದ ಮೇಲೆ ಕಂಬಳ ಇನ್ನೂ ಚೆಂದ, ಆದ್ರೆ ಫೋಟೋದವರ ಕಷ್ಟ ಶುರು. ಹುಡುಗ ಬಂದು ಕ್ಯಾಮೆರಾ ಕೆಟ್ಟೋಯ್ತು ಅಂತ ಅಳೋಕೆ ಕೂತ. ಒಂದೇ ಬರ್ಸ್ಟಲ್ಲಿ ಒಂದು ಫೋಟೋ ಬೆಳಕು, ಒಂದು ಕತ್ತಲೆ, ಇನ್ನೊಂದರಲ್ಲಿ ಅರ್ಧಕ್ಕೆ ಪಟ್ಟಿ. ಕೆಟ್ಟಿರಲಿಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಕೆಲವು ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗ್ತಿರುತ್ತೆ, ಕಣ್ಣಿಗೆ ಗೊತ್ತಾಗಲ್ಲ, 1/1000ದಲ್ಲಿ ತೆಗೆದ್ರೆ ಮಂಕಾದ ಕ್ಷಣವೂ ಸಿಕ್ಕಿಬೀಳುತ್ತೆ. ಕ್ಯಾಮೆರಾದಲ್ಲಿ ಇದಕ್ಕೇ ಇರೋ ಆ್ಯಂಟಿ ಫ್ಲಿಕರ್ ಆನ್ ಮಾಡಿ ಕೊಟ್ಟೆ, ಸ್ವಲ್ಪ ಸರಿಹೋಯ್ತು. ಮೇಷ್ಟ್ರು ಆ ಗಲಾಟೆಗೇ ಹೋಗಲಿಲ್ಲ, 1/25ಕ್ಕೆ ಇಳಿಸಿ, ಕೋಣದ ಜೊತೆ ಕ್ಯಾಮೆರಾ ತಿರುಗಿಸ್ತಾ ಪ್ಯಾನಿಂಗ್ ಮಾಡ್ತಿದ್ರು. ಹೆಚ್ಚಿನವು ಬರೀ ಮಸಿ. ಒಂದು ಮಾತ್ರ ಬಿತ್ತು ನೋಡಿ, ಹಿಂದಿನ ಜನ ದೀಪ ಎಲ್ಲಾ ಗೆರೆ ಗೆರೆಯಾಗಿ ಹರಿದು, ಎರಡೂ ಕೋಣದ ತಲೆ ಶಾರ್ಪು, ಅದೂ ನಮ್ಮ ಯಜಮಾನ್ರ ಜೋಡಿಯದ್ದೇ. ಫೈನಲ್ ಮರುದಿನ, ಅಷ್ಟು ಹೊತ್ತು ಇರೋಕೆ ರಜೆ ಇರಲಿಲ್ಲ, ನಡುರಾತ್ರಿ ಹೊರಟ್ವಿ. ಹಗ್ಗದಲ್ಲಿ ಅವರ ಕೋಣಗಳು ಬಹುಮಾನಕ್ಕೆ ಬರಲಿಲ್ಲ ಅಂತ ಆಮೇಲೆ ಫೋನಲ್ಲಿ ಗೊತ್ತಾಯ್ತು.

ಮುಂದಿನ ಮೀಟಿಂಗಲ್ಲಿ ಗೋಡೆ ತುಂಬ ಕಂಬಳ. ನಿಜ ಹೇಳ್ಬೇಕಂದ್ರೆ ಅರ್ಧ ಗಂಟೆಗೆಲ್ಲ ಬೇಜಾರಾಯ್ತು, ಯಾರ ಫೋಟೋ ಯಾವುದು ಅಂತ ಗೊತ್ತಾಗದಷ್ಟು ಎಲ್ಲವೂ ಒಂದೇ ಥರ, ಅದೇ ನೀರು, ಅದೇ ಹಲ್ಲು. ಹುಡುಗ ತನ್ನ ಒಳ್ಳೇ ಫ್ರೇಮಲ್ಲಿ ಹಿಂದುಗಡೆ ಮೊಬೈಲ್ ಹಿಡಿದು ನಿಂತಿದ್ದ ಒಬ್ಬನನ್ನ ಫೋಟೋಶಾಪಲ್ಲಿ ಅಳಿಸಿ ತಂದಿದ್ದ. ಮೇಷ್ಟ್ರು ಹಿಡಿದುಬಿಟ್ರು. ಫೋಟೋ ಜರ್ನಲಿಸಂ, ಟ್ರಾವೆಲ್ ವಿಭಾಗಕ್ಕೆ ಕಳಿಸೋ ಹಾಗಿದ್ರೆ ಇದ್ದದ್ದನ್ನ ತೆಗೆಯೋದು ಇಲ್ಲದ್ದನ್ನ ಸೇರಿಸೋದು ನಡೆಯಲ್ಲ, ಓಪನ್ ವಿಭಾಗಕ್ಕೆ ಬೇಕಾದ್ರೆ ಕಳ್ಸು ಅಂದ್ರು. ಕಡೆಗೆ ಎಲ್ಲರೂ ಒಪ್ಪಿದ ಫೋಟೋ ಮೇಷ್ಟ್ರ ಪ್ಯಾನಿಂಗೇ. ಯಜಮಾನ್ರಿಗೆ ಪ್ರಿಂಟ್ ಕಳಿಸ್ತೀವಿ ಅಂತ ಮಾತು ಕೊಟ್ಟಿದ್ವಲ್ಲ, ಅದನ್ನೇ 12x18 ಇಂಚಿನ ಸೈಜಿಗೆ ಮಾಡಿಸಿ, ಜೊತೆಗೆ ಸ್ಟುಡಿಯೋ ಅಣ್ಣ ಹಗಲು ಸೈಡಿಂದ ತೆಗೆದ ಎಂಟು ಕಾಲಿನ ಫೋಟೋನೂ ಸಣ್ಣ ಪ್ರಿಂಟಲ್ಲಿ ಹಾಕಿ ಕೊರಿಯರ್ ಮಾಡಿದ್ವಿ.

ನಾಲ್ಕೈದು ದಿನಕ್ಕೆ ಫೋನ್ ಬಂತು. ಸ್ಪೀಕರ್ ಹಾಕಿದೆ, ಮೇಷ್ಟ್ರು ಪಕ್ಕದಲ್ಲೇ ಇದ್ರು.

"ದೊಡ್ಡ ಫೋಟೋ ಯಾರದ್ದು?"

"ನಿಮ್ಮ ಕೋಣಗಳದ್ದೇ ಯಜಮಾನ್ರೆ."

"ಅಲ್ಲ ಮಾರಾಯ್ರೆ. ನಮ್ಮ ಕುಟ್ಟಿಯನ್ನು ನಾವು ಯಾವಾಗಲೂ ಬಲಕ್ಕೆ ಕಟ್ಟುದು. ಇದ್ರಲ್ಲಿ ಎಡಕ್ಕೆ ಉಂಟು. ನಮ್ಮವ ಬೆತ್ತವನ್ನೂ ಎಡಗೈಯಲ್ಲಿ ಹಿಡಿದಿದ್ದಾನೆ, ಅವ ಎಡಚ ಅಲ್ಲ!"

ನಾನು ಮೇಷ್ಟ್ರ ಮುಖ ನೋಡಿದೆ. ಅವರು ಫೋಟೋನ ಕಂಪ್ಯೂಟರಲ್ಲಿ ಮಿರರ್ ಮಾಡಿದ್ರು, ಓಟ ಎಡದಿಂದ ಬಲಕ್ಕೆ ಹೋದ್ರೆ ಕಣ್ಣಿಗೆ ಹಿತ ಅಂತ. ಗೋಡೆ ಮೇಲೆ ನೋಡಿದ ನಮಗ್ಯಾರಿಗೂ ಗೊತ್ತಾಗಿರಲಿಲ್ಲ. ಮೊಬೈಲ್ ಹಿಡಿದೋನನ್ನ ಅಳಿಸಿದ್ದಕ್ಕೆ ಬೈಸ್ಕೊಂಡಿದ್ದ ಹುಡುಗ ಅವತ್ತು ಅಲ್ಲಿರಲಿಲ್ಲ, ಅದೊಂದು ಪುಣ್ಯ.

"ಸಣ್ಣ ಫೋಟೋ ಒಂದನೇ ನಂಬ್ರ ಉಂಟು" ಅಂದ್ರು ಯಜಮಾನ್ರು. "ಅದನ್ನೇ ದೊಡ್ಡದು ಮಾಡಿ ಕಳಿಸಿ, ದುಡ್ಡು ನಾನು ಕೊಡ್ತೇನೆ. ಕೆಳಗೆ ಕೋಣದ ಹೆಸರು, ಕಂಬಳದ ಹೆಸರು, ತಾರೀಕು ಬರೀಬೇಕು."

ಸ್ಟುಡಿಯೋ ಅಣ್ಣ ಆಗಲೇ ಕೆಳಗಿಳಿದು ಹೋಗಿ ಕಂಪ್ಯೂಟರ್ ಮುಂದೆ ಕೂತಿದ್ರು. ಹೆಸರು ಹಳದಿ ಅಕ್ಷರದಲ್ಲಿ, ಸುತ್ತ ಬಂಗಾರದ ಬಣ್ಣದ ಬಾರ್ಡರು, ಎರಡೂ ಮೂಲೆಯಲ್ಲಿ ಗುಲಾಬಿ. ಮೇಷ್ಟ್ರು ಹಿಂದೆ ನಿಂತು ನೋಡಿ, ಗುಲಾಬಿ ಆದ್ರೂ ತೆಗೆಯೋ ಅಂತ ಬೇಡ್ಕೊಂಡ್ರು. ತೆಗೆಯಲಿಲ್ಲ.