ಸ್ಕೈಲರ್ ಮೇಲೆ ನನಗ್ಯಾಕೆ ಅಷ್ಟು ಸಿಟ್ಟಿತ್ತು?

ಬ್ರೇಕಿಂಗ್ ಬ್ಯಾಡ್ ಅನ್ನೋ ಅಮೆರಿಕನ್ ಟಿವಿ ಸರಣಿಯನ್ನು ಎರಡನೇ ಸಲ ನೋಡಿ ಮುಗಿಸಿದೆ, 62 ಎಪಿಸೋಡೂ. ಮೊದಲ ಸಲ ನಾನು ಪೂರ್ತಿ ವಾಲ್ಟರ್ ವೈಟ್ ಕಡೆ. ಪಾಪ, ಕ್ಯಾನ್ಸರ್ ಬಂದ ಕೆಮಿಸ್ಟ್ರಿ ಮೇಷ್ಟ್ರು, ಸಂಬಳ ಸಾಲದೆ ಕಾರು ತೊಳೆಯೋಕೂ ಹೋಗುತ್ತಾನೆ, ಡ್ರಗ್ಸ್ ತಯಾರಿಸಿ ಮಾರಿಯಾದರೂ ಹೆಂಡತಿ ಸ್ಕೈಲರ್‌ಗೆ, ಮಕ್ಕಳಿಗೆ ನಾಲ್ಕು ಕಾಸು ಮಾಡಿಟ್ಟು ಹೋಗಲಿ ಬಿಡಿ ಅಂತ.

ಈ ಸಲ ಮೊದಲ ಸೀಸನ್‌ನಲ್ಲೇ ಮನಸ್ಸು ಕೆಟ್ಟಿತು. ಹಳೇ ಗೆಳೆಯ ಎಲಿಯಟ್ ಕೆಲಸ ಕೊಡುತ್ತೇನೆ, ಇನ್ಶೂರೆನ್ಸೂ ಸಿಗುತ್ತೆ ಅನ್ನುತ್ತಾನೆ. ಇವನು ಬೇಡ ಅಂದುಬಿಡುತ್ತಾನೆ! ಬೇರೆ ದಾರಿ ಇರಲಿಲ್ಲ ಅನ್ನೋದೆಲ್ಲ ಸುಮ್ನೆ. ಬರೀ ಜಂಬ.

ಆಮೇಲೆ ಜೇನ್ ಸಾಯುವ ರಾತ್ರಿ. ಜೇನ್ ಅಂದರೆ ವಾಲ್ಟ್ ಜೊತೆ ಡ್ರಗ್ಸ್ ಮಾಡುವ ಹುಡುಗ ಜೆಸ್ಸಿಯ ಗೆಳತಿ. ಜೆಸ್ಸಿಯನ್ನು ಎಬ್ಬಿಸಲು ವಾಲ್ಟ್ ಅಲ್ಲಾಡಿಸಿದ್ದಕ್ಕೇ ಅವಳು ಅಂಗಾತ ಹೊರಳುತ್ತಾಳೆ, ಮತ್ತಿನಲ್ಲೇ ವಾಂತಿ ಮಾಡಿಕೊಂಡು ಉಸಿರು ಕಟ್ಟುತ್ತದೆ. ಓಡಿ ಬಂದವನು ಕೈ ಚಾಚಿ, ಹಾಗೇ ನಿಂತುಬಿಡುತ್ತಾನೆ. ಕಣ್ಣಲ್ಲಿ ನೀರು ಬೇರೆ. ಮೊದಲ ಸಲ ಆ ನೀರು ನೋಡಿಯೇ ನಾನು ಕ್ಷಮಿಸಿದ್ದೆ.

ಸ್ಕೈಲರ್ ವಿಷಯದಲ್ಲಿ ಮಾತ್ರ ನನಗೆ ಕರುಣೆ ಇರಲಿಲ್ಲ. ಗಂಡ ಎಲ್ಲಿಗೆ ಹೋಗುತ್ತಾನೆ ಅಂತ ಕೇಳಿದ್ದೇ ಅವಳ ತಪ್ಪು, ಅಲ್ವಾ? (ಅವಳೂ ಆಮೇಲೆ ಆ ದುಡ್ಡನ್ನು ಕಾರ್ ವಾಶ್ ಲೆಕ್ಕದಲ್ಲಿ ಬಿಳಿ ಮಾಡಿದಳು, ಸರಿ.) ನನ್ನಂಥವರು ಎಷ್ಟು ಜಾಸ್ತಿ ಇದ್ದರು ಅಂದರೆ, ಆ ಪಾತ್ರ ಮಾಡಿದ ಆನಾ ಗನ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ದ್ವೇಷದ ಬಗ್ಗೆಯೇ ಲೇಖನ ಬರೆಯಬೇಕಾಯಿತು.

ಕೊನೇ ಎಪಿಸೋಡಿನಲ್ಲಿ ವಾಲ್ಟ್ ಅವಳ ಮುಂದೆ ಬಾಯಿಬಿಟ್ಟು ಒಪ್ಪಿಕೊಳ್ಳುತ್ತಾನೆ, ಎಲ್ಲ ನನಗೋಸ್ಕರವೇ ಮಾಡಿದ್ದು, ಇಷ್ಟಪಟ್ಟೇ ಮಾಡಿದ್ದು ಅಂತ. ಪಕ್ಕದಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆ ಅಂದಳು, "ಇದು ನಿಮಗೆ ಈಗ ಗೊತ್ತಾಯ್ತಾ?"