ತಿರುವಿನಲ್ಲಿ ಹಿಂದುಳಿದವರು ತೆರುವ ಬೆಲೆ

ಭಾನುವಾರ, 21 ಜನವರಿ 2024

ದೇವನಹಳ್ಳಿಯ ಆಚೆ, ರಸ್ತೆಗಳಿಗೆ ಡಾಂಬರು ಬಿದ್ದು ಮನೆಗಳಿನ್ನೂ ಏಳದ ಬಡಾವಣೆಯೊಂದರಲ್ಲಿ ಇಂದು ಬೆಳಿಗ್ಗೆ ಹವ್ಯಾಸಿ ಸೈಕಲ್ ಸವಾರರ ಕ್ರೈಟೀರಿಯಂ, ಅಂದರೆ ಚಿಕ್ಕದೊಂದು ಸುತ್ತನ್ನೇ ಮತ್ತೆ ಮತ್ತೆ ಸುತ್ತುವ ರೇಸ್, ನಡೆಯಿತು. ಸುತ್ತೊಂದು ಸುಮಾರು ಒಂದೂವರೆ ಕಿಲೋಮೀಟರ್, ಅದರಲ್ಲಿ ನಾಲ್ಕು ತಿರುವು. 40 ನಿಮಿಷ ಓಡಿಸಿ, ಅದರ ಮೇಲೆ ಎರಡು ಸುತ್ತು ಮುಗಿಸಬೇಕು. ಮುಂದಿನವರು ಒಂದಿಡೀ ಸುತ್ತು ಮುಂದಾಗಿ ಹಿಂದಿನಿಂದ ಬಂದು ಹಿಡಿದರೆ, ಹಿಡಿಸಿಕೊಂಡವರನ್ನು ಸ್ಪರ್ಧೆಯಿಂದ ಇಳಿಸುತ್ತಾರೆ.

ಬೆಂಗಳೂರಿನ ಸೈಕಲ್ ಸವಾರರಲ್ಲಿ ಹೆಚ್ಚಿನವರಂತೆ ನನ್ನ ಅಭ್ಯಾಸವೂ ನಂದಿ ಬೆಟ್ಟದ ಏರಿನಲ್ಲಿಯೇ ಆದದ್ದು. ಏರಿನಲ್ಲಿ ವೇಗ ಕಡಿಮೆಯಿರುವುದರಿಂದ ಗಾಳಿಯ ತಡೆ ಹೆಚ್ಚು ಬಾಧಿಸುವುದಿಲ್ಲ. ಅವರವರ ಮೈಭಾರಕ್ಕೂ ಕಾಲಿನ ಬಲಕ್ಕೂ ನಡುವಿನ ಲೆಕ್ಕವೇ ಅಲ್ಲಿ ಮುಖ್ಯ. ಸಮತಟ್ಟಾದ ಸುತ್ತಿನಲ್ಲಿ ಲೆಕ್ಕ ಪೂರ್ತಿ ಬೇರೆ. ಗಂಟೆಗೆ 30 ಕಿಲೋಮೀಟರ್ ವೇಗವನ್ನು 40ಕ್ಕೆ ಏರಿಸಬೇಕಾದರೆ ಗಾಳಿಯನ್ನು ಸೀಳುವುದಕ್ಕೇ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ಬೇಕು. ಮುಂದಿನವರ ಚಕ್ರದ ಹಿಂದೆಯೇ ನಿಂತರೆ ಅದರಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಆದ್ದರಿಂದ ಗುಂಪಿನೊಳಗೆ ಅಡಗಿ ಸಾಗುವುದೇ ಜಾಣತನವೆಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಗುಂಪಿನಲ್ಲಿ ಎಲ್ಲಿ ಇರಬೇಕೆಂಬುದು ಅದಕ್ಕಿಂತ ದೊಡ್ಡ ಪ್ರಶ್ನೆಯೆಂದು ಇಂದು ನನ್ನ ತೊಡೆಗಳಿಗೇ ಅರಿವಾಯಿತು.

ಎದೆಯ ಸಂಖ್ಯೆಯ ಪ್ರಕಾರ ಸಾಲು ನಿಲ್ಲಿಸಿದ್ದರಿಂದ ನನಗೆ ಹಿಂದಿನ ಸಾಲು ಸಿಕ್ಕಿತ್ತು. ಮೂರನೆಯ ತಿರುವಿನಲ್ಲಿ ಸ್ವಯಂಸೇವಕರು ಕಡ್ಡಿಪೊರಕೆಯಿಂದ ಗುಡಿಸಿದ್ದರೂ ರಸ್ತೆಯಂಚಿಗೆ ಸಣ್ಣ ಜಲ್ಲಿ ಉಳಿದಿತ್ತು, ಹಾಗಾಗಿ ಅಗಲ ರಸ್ತೆ ಅಲ್ಲಿ ಮೂರು ಸೈಕಲ್ಲುಗಳು ಹಿಡಿಸುವಷ್ಟಕ್ಕೆ ಕಿರಿದಾಗುತ್ತಿತ್ತು. ಮುಂದಿದ್ದವರು ಹೊರ ಅಂಚಿನಿಂದ ಒಳಕ್ಕೆ ಸರಿದು, ಒಳಗಾಲಿನ ಪೆಡಲ್ ಮೇಲೆತ್ತಿ, ಬ್ರೇಕನ್ನು ಹೆಚ್ಚುಕಡಿಮೆ ಮುಟ್ಟದೆಯೇ ತಿರುಗಿಬಿಡುತ್ತಿದ್ದರು. ಅವರ ಹಿಂದಿನವರು ತುಸು ಬ್ರೇಕ್ ಹಿಡಿದರೆ ಅವರ ಹಿಂದಿನವರು ಇನ್ನಷ್ಟು ಹಿಡಿಯಬೇಕಾಗುತ್ತಿತ್ತು. ಬಾಲದಲ್ಲಿದ್ದ ನಾವು ತಿರುವು ದಾಟುವ ಹೊತ್ತಿಗೆ ವೇಗ 25ಕ್ಕೆ ಕುಸಿದಿರುತ್ತಿತ್ತು, ಮುಂದಿನವರು ಆಗಲೇ 40ರಲ್ಲಿ ಮೂಡಣ ಗಾಳಿಗೆ ಎದುರಾಗಿ ಸಾಗುತ್ತಿದ್ದರು. ಹಾರ್ಮೋನಿಯಂ ತಿದಿಯಂತೆ ಗುಂಪು ಮುಚ್ಚಿಕೊಳ್ಳುವುದು, ಮತ್ತೆ ಬಿಚ್ಚಿಕೊಳ್ಳುವುದು. ಬಿಚ್ಚಿಕೊಂಡಾಗಲೆಲ್ಲ ಸೀಟಿನಿಂದೆದ್ದು ಜೀವ ಬಿಟ್ಟು ತುಳಿದು ಅಂತರ ಮುಚ್ಚುವ ಕೆಲಸ ಕೊನೆಯವರದು. ಸುತ್ತಿಗೆ ನಾಲ್ಕು ಬಾರಿ ಇದೇ ಆದರೆ, ಗಾಳಿಯ ಮರೆಯಲ್ಲಿ ಉಳಿಸಿದ್ದೆಲ್ಲವೂ ತಿರುವುಗಳಲ್ಲಿ ಖರ್ಚಾಗುತ್ತದೆ.

ಬಾಗಲಕೋಟೆ ಕಡೆಯ ಹುಡುಗನೊಬ್ಬ ಹಿಂದಿನ ಸಾಲಿನಿಂದಲೇ ಹೊರಟವನು ಕೆಲವೇ ಸುತ್ತುಗಳಲ್ಲಿ ಮುಂದಿನ ಹತ್ತು ಜನರೊಳಗೆ ಸೇರಿದ್ದ. ತಿರುವಿನ ನಂತರ ಎಲ್ಲರೂ ವೇಗ ಹೆಚ್ಚಿಸುವಾಗ ಅವನು ಸುಮ್ಮನಿರುತ್ತಿದ್ದ. ನೇರ ರಸ್ತೆಯ ಕೊನೆಯಲ್ಲಿ ಗುಂಪು ಉಸಿರು ಬಿಡಲೆಂದು ತುಸು ಸಡಿಲಿಸುವಾಗ, ಪಕ್ಕದಿಂದ ಹಗುರವಾಗಿ ನಾಲ್ಕೈದು ಜನರನ್ನು ದಾಟುತ್ತಿದ್ದ. ನನ್ನ ಪಕ್ಕ ಬಂದಾಗ, "ತಿರುವಿನ್ಯಾಗ ಹಿಂದ ಉಳೀಬ್ಯಾಡ್ರಿ ಸರ, ನನ್ನ ಗಾಲಿ ಹಿಡಕೊಂಡು ಬರ್ರಿ" ಎಂದ. ಬಂದೆ. ಗುಂಪಿನ ಮಧ್ಯಕ್ಕೆ ಬಂದದ್ದೇ ತಡ, ಅದೇ ವೇಗದ ಅದೇ ರೇಸ್ ಉಸಿರಾಡಲು ಬಿಡುವಷ್ಟು ಹಗುರವಾಯಿತು. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ನನ್ನ ಜೊತೆ ಹೊರಟಿದ್ದ ಹಲವರು ಆಗಲೇ ರೇಸಿನಿಂದ ಇಳಿದಿದ್ದರು. ನಾನು ಗುಂಪಿನೊಡನೆಯೇ ಗೆರೆ ದಾಟಿದೆ, ಹುಡುಗ ಮೂರನೆಯವನಾಗಿ.

ಆಮೇಲೆ ಇಡ್ಲಿ ತಿನ್ನುತ್ತ ಅವನೊಡನೆ ಮಾತಾಡಿದೆ. ವಿಜಯಪುರ, ಬಾಗಲಕೋಟೆಗಳಲ್ಲಿ ಸರ್ಕಾರದ ಸೈಕ್ಲಿಂಗ್ ಕ್ರೀಡಾ ನಿಲಯಗಳಿರುವುದು ನನಗೆ ಗೊತ್ತಿತ್ತು. ಇವನು ನಿಲಯದವನಲ್ಲ, ಊರೂರ ಜಾತ್ರೆಗಳ ಸೈಕಲ್ ರೇಸಿನಲ್ಲಿ ಓಡಿಸಿ ಪಳಗಿದವನು. ದನ, ಜನ, ಟ್ರ್ಯಾಕ್ಟರುಗಳ ನಡುವೆ ಓಡಿಸಿದವನಿಗೆ ಗುಂಪಿನಲ್ಲಿ ಎಲ್ಲಿ ಸಂದು ತೆರೆಯುತ್ತದೆಂಬುದು ಮೊದಲೇ ಕಾಣುತ್ತದೆ. ದುಬಾರಿ ಕಾರ್ಬನ್ ಸೈಕಲ್ಲುಗಳ ತೂಕದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಮ್ಮ ನಗರದ ಕ್ಲಬ್ಬುಗಳು ಇಂಥ ಹುಡುಗರನ್ನು ಕರೆಸಿ ಪಾಠ ಹೇಳಿಸಿಕೊಳ್ಳಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮುಂದಿನ ರೇಸಿನವರೆಗೆ ವಾರದಲ್ಲಿ ಒಂದು ದಿನ ಬೆಟ್ಟವನ್ನು ಬಿಟ್ಟು, 25ರಿಂದ 40ಕ್ಕೆ ಹತ್ತು ಸೆಕೆಂಡಿನೊಳಗೆ ಏರುವ ಓಟಗಳನ್ನು ಗುಂಪಿನಲ್ಲಿಯೇ ಅಭ್ಯಾಸ ಮಾಡುವುದೆಂದು ಗೆಳೆಯರೆಲ್ಲ ಒಪ್ಪಿದ್ದಾರೆ. ಬುಧವಾರ ಬೆಳಿಗ್ಗೆ ಐದೂವರೆಗೆ ಇದೇ ಬಡಾವಣೆಯಲ್ಲಿ ಸೇರುತ್ತೇವೆ.