ಮಳೆಗಾಲದಲ್ಲೇ ರೇಡರ್ ಹುಡುಕಿ, ಜಾತ್ರೆ ಬಂದ ಮೇಲಲ್ಲ

ಬಾಗಲಕೋಟೆ, ಬೆಳಗಾವಿ, ವಿಜಯಪುರ ಕಡೆ ಕಬಡ್ಡಿ ತಂಡ ನಡೆಸುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಟ ಕಡಿಮೆ. ಎರಿ ಮಣ್ಣು ಹಸಿಯಾದರೆ ಪಾದಕ್ಕೆ ಮೆತ್ತಿಕೊಂಡೇ ಬರುತ್ತದೆ, ಅಂಕಣದ ಗೆರೆ ನಿಲ್ಲುವುದಿಲ್ಲ. ಹೋದ ಹಂಗಾಮಿನ ಮುಖ್ಯ ರೇಡರ್ (ಎದುರಾಳಿಗಳ ಕಡೆ ನುಗ್ಗಿ ಮುಟ್ಟಿ ಬರುವವನು) ಬೇರೆ ಊರಿನ ತಂಡ ಸೇರಿದ್ದರೆ, ಇಲ್ಲವೇ ಮೊಣಕಾಲು ಕೆಡಿಸಿಕೊಂಡು ಕೂತಿದ್ದರೆ, ಹೊಸಬನನ್ನು ನೋಡಬೇಕಾದದ್ದು ಈಗಲೇ. ಬನದ ಹುಣ್ಣಿಮೆಗೆ (ಜನವರಿ ಹೊತ್ತಿಗೆ) ಬಾದಾಮಿಯ ಬನಶಂಕರಿ ತೇರು ಎಳೆಯುವ ಹೊತ್ತಿಗೆ ಹುಡುಕಲು ಹೊರಟರೆ ಸಿಗುವವನು ನಾಲ್ಕು ತಂಡ ನೋಡಿ ಬಿಟ್ಟವನೇ.

ಒಂದು ಫೈನಲ್‌ನಲ್ಲಿ ಹತ್ತು ಪಾಯಿಂಟ್ ತಂದ ಅಂತ ಮರುದಿನವೇ ಮುಂಗಡ ಕೊಟ್ಟುಬಿಡುವ ಚಾಳಿ ನಮ್ಮ ಕಡೆ ಬಹಳ. ಎಷ್ಟು ತಂದ ಅನ್ನುವುದರ ಪಕ್ಕದಲ್ಲೇ ಎಷ್ಟು ಸಲ ಸಿಕ್ಕಿಬಿದ್ದ ಅನ್ನುವುದನ್ನೂ ಬರೆದುಕೊಳ್ಳಿ. 20 ರೇಡ್‌ನಲ್ಲಿ 9 ಪಾಯಿಂಟ್ ತಂದು 7 ಸಲ ಔಟಾದವನಿಂದ ತಂಡಕ್ಕೆ ಉಳಿಯುವುದು 2. ಅದೇ 20ರಲ್ಲಿ 7 ತಂದು 2 ಸಲ ಔಟಾದವನಿಂದ ಉಳಿಯುವುದು 5. ಇಷ್ಟೇ ಅಲ್ಲ, ಮೊದಲನೆಯವನು ಔಟಾದಾಗಲೆಲ್ಲ ತಂಡ ಎದುರಾಳಿಯೊಬ್ಬನನ್ನು ಔಟ್ ಮಾಡುವತನಕ ಹೊರಗೆ ಕೂರುತ್ತಾನೆ. ಒಳಗೆ ಮೂವರು ಉಳಿದಿರುವಾಗ ಮುಖ್ಯ ರೇಡರೇ ಹೊರಗಿದ್ದರೆ ಲೋನಾ (ಇಡೀ ತಂಡ ಔಟಾಗುವುದು) ಬೀಳುವುದು ಹೆಚ್ಚುಕಡಿಮೆ ಖಾತ್ರಿ, ಅಲ್ಲಿಗೆ ಎದುರಾಳಿಗೆ ಇನ್ನೆರಡು ಪಾಯಿಂಟ್. ಖಾಲಿ ರೇಡ್ ಮಾಡಿ (ಪಾಯಿಂಟ್ ತರದೆ, ಔಟೂ ಆಗದೆ) ಬಂದವನಿಗೆ ಜನ ಕೂಗುತ್ತಾರೆ, ಕೂಗಲಿ.

ಈಗ ಬಹಳಷ್ಟು ಊರಿನ ಟೂರ್ನಮೆಂಟ್‌ಗಳು ಯೂಟ್ಯೂಬ್‌ನಲ್ಲಿ ಲೈವ್ ಬರುತ್ತವೆ, ವಿಡಿಯೊ ಅಲ್ಲೇ ಉಳಿದಿರುತ್ತದೆ. ಹುಡುಗನ ಮೂರು ಪಂದ್ಯವಾದರೂ ನೋಡಿ, ಅದರಲ್ಲಿ ಒಂದು ಅವನ ತಂಡ ಸೋತದ್ದಿರಲಿ. ಪ್ರತಿ ರೇಡ್‌ಗೆ ಒಂದು ಸಾಲು: ಎದುರಿಗೆ ಎಷ್ಟು ಜನ, ಏನಾಯಿತು, ಸಿಕ್ಕಿದ್ದರೆ ಯಾರ ಕೈಗೆ, ಕಾರ್ನರ್‌ಗೋ (ಸಾಲಿನ ತುದಿಯವನು) ಕವರ್‌ಗೋ (ಒಳಬದಿಯವನು), ಆ್ಯಂಕಲ್ಲೋ ಥೈಯೋ ಡ್ಯಾಶೋ (ಪಾದದ ಗಂಟೋ ತೊಡೆಯೋ ಹಿಡಿದದ್ದು, ಇಲ್ಲವೇ ಗೆರೆಯಾಚೆ ನೂಕಿದ್ದು), ಅದು ಡು ಆರ್ ಡೈ ರೇಡ್ (ಎರಡು ಖಾಲಿ ರೇಡ್ ಆದ ಮೇಲೆ ಪಾಯಿಂಟ್ ತರಲೇಬೇಕಾದದ್ದು) ಆಗಿತ್ತೋ. 7 ಔಟ್‌ನಲ್ಲಿ 5 ಒಂದೇ ಕಾರ್ನರ್‌ನ ಆ್ಯಂಕಲ್ ಹಿಡಿತದಿಂದ ಬಂದಿದ್ದರೆ ಅದು ನಿಮಗಿಂತ ಮೊದಲೇ ಸುತ್ತಮುತ್ತಲಿನ ಎಲ್ಲ ಕ್ಯಾಚರ್‌ಗಳಿಗೂ (ರೇಡರ್‌ನನ್ನು ಹಿಡಿಯುವವರಿಗೂ) ಗೊತ್ತಿರುತ್ತದೆ. ಇಂಥವನು ಕೆಟ್ಟ ಆಟಗಾರ ಅಂತಲ್ಲ. ಟೋ ಟಚ್‌ಗೆ ಕಾಲು ಚಾಚಿದಾಗ ಭಾರವೆಲ್ಲ ಮುಂದಿನ ಕಾಲಿನ ಮೇಲೆ ಹಾಕುತ್ತಾನೆ, ಅದಕ್ಕೇ ಹಿಂದೆಳೆಯಲು ಆಗುವುದಿಲ್ಲ. ಹಿಂದಿನ ಮೊಣಕಾಲು ಬಗ್ಗಿಸಿ, ಸೊಂಟ ಅದರ ಮೇಲೇ ಇಟ್ಟು ಬರೀ ಬೆರಳ ತುದಿ ಕಳಿಸುವುದನ್ನು ಕಲಿಸಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ತಿದ್ದಬಹುದು.

ಬೋನಸ್ (ಬೋನಸ್ ಗೆರೆ ದಾಟಿದ್ದಕ್ಕೆ ಸಿಗುವ ಪಾಯಿಂಟ್) ನಂಬಿಕೊಂಡವನನ್ನು ಬೇರೆ ಲೆಕ್ಕದಲ್ಲಿ ನೋಡಬೇಕು. ಎದುರಿಗೆ ಆರು ಇಲ್ಲವೇ ಏಳು ಜನ ಇದ್ದಾಗ ಮಾತ್ರ ಬೋನಸ್ ಉಂಟು. ಒಂದು ಕಾಲು ಗೆರೆ ದಾಟಿ ಊರಿದಾಗ ಇನ್ನೊಂದು ಗಾಳಿಯಲ್ಲಿರಬೇಕು. ಗಂಡಸರ ಅಂಕಣದಲ್ಲಿ ನಡುಗೆರೆಯಿಂದ ಬಾಕ್ ಲೈನ್ (ರೇಡರ್ ದಾಟಲೇಬೇಕಾದ ಗೆರೆ) 3.75 ಮೀಟರ್, ಅದರಿಂದ 1 ಮೀಟರ್ ಆಚೆ ಬೋನಸ್ ಗೆರೆ. ಮಣ್ಣಿನ ಅಂಕಣದಲ್ಲಿ ಸುಣ್ಣದ ಪುಡಿಯ ಗೆರೆ ಎರಡನೇ ಅರ್ಧಕ್ಕೆ ಅಳಿಸಿಯೇ ಹೋಗಿರುತ್ತದೆ. ಅಂಪೈರ್ ಕೊಟ್ಟರೆ ಬಂತು, ಇಲ್ಲದಿದ್ದರೆ ಜಗಳ. ತನ್ನ ಪಾಯಿಂಟ್‌ಗಳಲ್ಲಿ ಅರ್ಧದಷ್ಟನ್ನು ಬೋನಸ್‌ನಿಂದಲೇ ತರುವ ಹುಡುಗ ಮ್ಯಾಟ್ ಮೇಲೆ ಬಂಗಾರ, ಮಣ್ಣಿನಲ್ಲಿ ಅಷ್ಟಕ್ಕಷ್ಟೆ. ಪ್ರೊ ಕಬಡ್ಡಿಯ ಪ್ರದೀಪ್ ನರ್ವಾಲ್‌ನ ಡುಬ್ಕಿ (ಕೈ ಕೆಳಗೆ ನುಸುಳುವುದು) ನೋಡಿ ಎಲ್ಲರೂ ತಲೆ ಬಗ್ಗಿಸಿ ನುಗ್ಗುತ್ತಾರೆ. ಚೈನ್‌ನ (ಕೈ ಕೈ ಹಿಡಿದು ನಿಂತ ಕ್ಯಾಚರ್‌ಗಳ) ಕೈ ಮೇಲಿದ್ದರೆ ಮಾತ್ರ ಕೆಳಗೆ ದಾರಿ, ನಮ್ಮ ಕಡೆಯ ಕುಸ್ತಿ ಗರಡಿಯಿಂದ ಬಂದ ಕ್ಯಾಚರ್‌ಗಳು ನಿಲ್ಲುವುದೇ ಬಗ್ಗಿ.

ಗರಡಿಯ ಹುಡುಗರನ್ನು ರೇಡರ್ ಮಾಡಲು ಹೋಗುವುದು ವ್ಯರ್ಥ ಅನ್ನುವುದು ನನ್ನ ಅಭಿಪ್ರಾಯ. ಹಿಡಿತಕ್ಕೆ ಎದುರಾಗಿ ನಿಲ್ಲುವುದು ಅವರ ಮೈಗೆ ಹತ್ತಿರುತ್ತದೆ, ರೇಡರ್ ಹಿಡಿತದಿಂದ ದೂರ ಇರಬೇಕು. ಖೋ-ಖೋ ಆಡಿದವರನ್ನು ನೋಡಿ. ಓಡುತ್ತಲೇ ದಿಕ್ಕು ಬದಲಿಸುವುದು, ಬೆನ್ನ ಹಿಂದೆ ಯಾರಿದ್ದಾರೆ ಅನ್ನುವ ಅರಿವು ಅವರಿಗೆ ಶಾಲೆಯಲ್ಲೇ ಬಂದಿರುತ್ತದೆ. ಶಿಕ್ಷಣ ಇಲಾಖೆಯ ತಾಲ್ಲೂಕು ಮಟ್ಟದ ಕ್ರೀಡಾಕೂಟ ಇದಕ್ಕೆ ಒಳ್ಳೆ ಜಾಗ. ಆದರೆ 17ರ ಹುಡುಗನನ್ನು ಮೊದಲ ವರ್ಷವೇ ಓಪನ್ ಪಂದ್ಯದಲ್ಲಿ 80 ಕೆಜಿಯ ಕವರ್‌ಗಳ ಮುಂದೆ ಬಿಡಬೇಡಿ.

ಟ್ರಯಲ್‌ಗೆ ಮ್ಯಾಟ್ ಸಿಕ್ಕರೆ ಹಾಸುವಾಗಲೇ ಹುಷಾರು. 1 ಮೀಟರ್ ಚೌಕದ ತುಂಡಾದರೆ 13×10 ಅಂಕಣಕ್ಕೆ 130 ತುಂಡು ಬೇಕು. ಕೆಳಗಿನ ನೆಲ ಏರುತಗ್ಗಾಗಿದ್ದರೆ ಜೋಡಣೆ ಬಿಡುತ್ತದೆ, ಆ ಸಂದಿಗೆ ಶೂ ತುದಿ ಸಿಕ್ಕರೆ ಮೊಣಕಾಲು ತಿರುಚುತ್ತದೆ. ಬರಿಗಾಲಲ್ಲಿ ಮಣ್ಣಿನ ಮೇಲೆ ಜಾರಿಸಿ ಕಾಲು ಚಾಚುವವನಿಗೆ ಮ್ಯಾಟ್ ಮೇಲೆ ಶೂ ತಟ್ಟನೆ ಹಿಡಿದು ನಿಲ್ಲಿಸುತ್ತದೆ, ಮುಗ್ಗರಿಸುತ್ತಾನೆ. ಮೊದಲ ದಿನದ ಆಟ ನೋಡಿ ತೀರ್ಮಾನ ಮಾಡಬೇಡಿ, ನಾಲ್ಕೈದು ದಿನ ಕೊಡಿ.

ಪೂರ್ತಿ ಪಂದ್ಯ ಆಡಿಸುವುದಕ್ಕಿಂತ ಹೀಗೆ ನೋಡುವುದು ಚಲೋ: ಏಳು ಜನರ ಎದುರು ಮೂರು ರೇಡ್, ಮೂವರ ಎದುರು ಮೂರು, ಕೊನೆಗೆ 30 ಸೆಕೆಂಡು ರೇಡ್, 30 ಸೆಕೆಂಡು ವಿರಾಮ, ಹೀಗೆ ಒಂದೇ ಸಮ ಆರು. ಐದನೆಯದಕ್ಕೆ ‘ಕಬಡ್ಡಿ ಕಬಡ್ಡಿ’ ದನಿ ಒಡೆಯುತ್ತಿದೆಯೋ, ಬದಿಯಿಂದ ‘ಹೊಳ್ಳಿ ಬಾ’ ಅಂದಾಗ ಕಿವಿಗೆ ಬೀಳುತ್ತಿದೆಯೋ ನೋಡಿ. ದಣಿದಾಗ ಕಿವಿ ಮುಚ್ಚುವ ರೇಡರ್ ಕೊನೆಯ ಐದು ನಿಮಿಷದಲ್ಲಿ ಪಂದ್ಯ ಕಳೆಯುತ್ತಾನೆ.

ಮೊಣಕಾಲಿನ ವಿಷಯ ಹುಡುಗರು ಮುಚ್ಚಿಡುತ್ತಾರೆ, ಕೇಳಿದರೆ ‘ಏನಿಲ್ರೀ ಸರ, ಸ್ವಲ್ಪ ಉಳುಕಿತ್ತು’ ಅನ್ನುತ್ತಾರೆ. ಒಂಟಿ ಕಾಲಿನಲ್ಲಿ ಮುಂದಕ್ಕೆ ಜಿಗಿಸಿ, ಅದೇ ಕಾಲಿನ ಮೇಲೆ ಅಲುಗದೆ ನಿಲ್ಲಲು ಹೇಳಿ, ಟೇಪ್ ಹಿಡಿದು ಅಳೆಯಿರಿ. ಒಂದು ಕಾಲಿನ ದೂರ ಇನ್ನೊಂದರ ನೂರಕ್ಕೆ 90ಕ್ಕಿಂತ ಕಡಿಮೆ ಬಂದರೆ ಮೂಳೆ ಡಾಕ್ಟರಿಗೆ ತೋರಿಸದೆ ಮುಂದುವರಿಯಬೇಡಿ. ಎಸಿಎಲ್ (ಮೊಣಕಾಲಿನ ಒಳಗಿನ ಅಸ್ಥಿರಜ್ಜು) ಆಪರೇಷನ್ ಆಗಿದ್ದರೆ ಕನಿಷ್ಠ 9 ತಿಂಗಳು ಅಂಕಣದ ಮಾತೇ ಬೇಡ.

ತೂಕದ ಟೂರ್ನಮೆಂಟ್ ಆಡುವ ತಂಡವಾದರೆ ಈಗಿನ ತೂಕ ಬರೆದಿಡಿ. 65 ಕೆಜಿ ಒಳಗಿನ ಆಟಕ್ಕೆ 69 ಇರುವವನನ್ನು ತಂದು, ತೂಕದ ದಿನ ನೀರು ಬಿಡಿಸಿ ಇಳಿಸಿದರೆ ಸಂಜೆಯ ಪಂದ್ಯಕ್ಕೆ ಮೀನಖಂಡ ಹಿಡಿದು ಬೀಳುತ್ತಾನೆ. 66–67 ಇರುವವನನ್ನು ಎರಡು ತಿಂಗಳಲ್ಲಿ ಊಟ ಸರಿ ಮಾಡಿ ಇಳಿಸಬಹುದು.

ಇನ್ನು ಹೊರಗಿನವರು ಮರೆಯುವ ಸಂಗತಿ ಕಬ್ಬು. ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಫ್ಯಾಕ್ಟರಿ ಶುರುವಾದರೆ ಜಮಖಂಡಿ, ಮುಧೋಳ, ಗೋಕಾಕ, ಅಥಣಿ ಕಡೆ ಟ್ರ್ಯಾಕ್ಟರ್ ಹೊಡೆಯುವ ಹುಡುಗ ರಾತ್ರಿಯೆಲ್ಲ ಫ್ಯಾಕ್ಟರಿ ಗೇಟಿನ ಸರದಿಯಲ್ಲಿ ಇರುತ್ತಾನೆ. ನಮ್ಮ ಪಂದ್ಯಗಳು ನಡೆಯುವುದೂ ರಾತ್ರಿಯೇ. ಟ್ರ್ಯಾಕ್ಟರ್ ಮನೆಯದೋ ಬಾಡಿಗೆಯದೋ, ಬದಲಿ ಡ್ರೈವರ್ ಇದ್ದಾನೋ ಅಂತ ಹುಡುಗನನ್ನಲ್ಲ, ಅವನ ಅಪ್ಪನನ್ನೋ ಕಾಕಾನನ್ನೋ ಕೇಳಿ.

ಮುಂಗಡ ಒಂದೇ ಸಲ ಕೊಡಬೇಡಿ. ಮೂರರಲ್ಲಿ ಒಂದು ಪಾಲು ಮೊದಲು, ಉಳಿದದ್ದು ಆಡಿದ ಪಂದ್ಯದ ಲೆಕ್ಕದಲ್ಲಿ. ಯಾವ ಯಾವ ಟೂರ್ನಮೆಂಟ್, ಅದೇ ದಿನ ಬೇರೆ ತಂಡ ಕರೆದರೆ ಏನು, ಪೆಟ್ಟಾದರೆ ದವಾಖಾನೆ ಖರ್ಚು ಯಾರದು, ಈ ಮೂರನ್ನೂ ಕಾಗದದ ಮೇಲೆ ಬರೆದು ಇಬ್ಬರ ಸಹಿ ಹಾಕಿಸಿ. ದವಾಖಾನೆ ಖರ್ಚು ತಂಡದ್ದೇ ಅಂತ ಬರೆದುಕೊಟ್ಟರೆ ಮೊಣಕಾಲಿನ ಹಳೇ ಕಥೆಯೂ ಹುಡುಗನ ಬಾಯಿಂದ ಆವಾಗಲೇ ಹೊರಬರುವುದುಂಟು.